ಓದಿದ ಕೈಗೆ ತಿರುಗದ ಹಾಳೆ

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಹುಡುಗಿ ಎಷ್ಟು ಓದಿದ್ದಾಳೆ ಎಂದು ಕೇಳುವುದಿಲ್ಲ, ಏನೇನು ಓದಿಲ್ಲ ಎಂದು ಕೇಳುತ್ತಾರೆ. ಕೇಳಲೇಬೇಕು. ಓದಿ ತಿರುವಿದ ಹಾಳೆ ಅದೇ ಕೈಗೆ ಇನ್ನೊಂದು ಸಲ ತಿರುಗುವುದಿಲ್ಲ. ಎಳೆದರೆ ಹರಿದು ಬಂದೀತೇ ಹೊರತು ಮಗ್ಗುಲು ಬದಲಿಸದು. ಚಾಕುವಿನ ತುದಿಯಿಂದ ಎಬ್ಬಿಸಲು ಹೋದವರಿದ್ದಾರೆ, ಫ್ಯಾನು ಹಾಕಿ ನೋಡಿದವರಿದ್ದಾರೆ, ಬೇರೆ ಊರಿಂದ ಹೊಸ ಪ್ರತಿ ತರಿಸಿದವರಿದ್ದಾರೆ. ಹಿಂದಿರುವ ಕೈ ಯಾರದೆಂದು ಹಾಳೆಗೆ ಗೊತ್ತಾಗಿಬಿಡುತ್ತದೆ. ಓದದೆ ಬರೀ ತಿರುವುವವರಿಗೆ ಮಾತ್ರ ಎಷ್ಟು ಸಲ ಬೇಕಾದರೂ ತಿರುಗುತ್ತದೆ. ಹಾಗಾಗಿ ಒಂದು ಪುಸ್ತಕವನ್ನು ಎರಡನೆಯ ಸಲ ಓದಬೇಕೆಂದರೆ ಅದನ್ನು ಓದಿಲ್ಲದ ಇನ್ನೊಬ್ಬರು ಪಕ್ಕದಲ್ಲಿ ಕೂರಬೇಕು. ನಮ್ಮ ವಕೀಲರು ಕೋರ್ಟಿಗೆ ಹೋಗುವಾಗ ಅತ್ತೆಯನ್ನು ಕರೆದುಕೊಂಡು ಹೋಗುತ್ತಾರೆ. ಲೈಬ್ರರಿಯ ಜವರಯ್ಯ ಹುಟ್ಟಿದಂದಿನಿಂದ ಒಂದು ಹಾಳೆಯನ್ನೂ ಪೂರ್ತಿ ಓದಿಲ್ಲ, ಅದಕ್ಕೇ ಅವರಿಗೆ ಆ ಕೆಲಸ ಸಿಕ್ಕಿದ್ದು, ಅದಕ್ಕೇ ಅಷ್ಟು ಜಂಬ.

ಇಂಥ ಊರಿನಲ್ಲಿ ನಾನು ಸಿರಿವಂತೆಯಾಗಿದ್ದೆ. ನನ್ನ ಕೈ ನೋಡಿದವರು ಹಾಗೆ ಅನ್ನಲಾರರು. ಮದುವೆಯಾದ ಹೊಸತರಲ್ಲಿ ಟೈಲರ್ ಅಂಗಡಿಗೆ ಕಾಜಾ ಹಾಕಿ ಗುಂಡಿ ಹೊಲಿದುಕೊಡುತ್ತಿದ್ದೆ. ಆಗಲೇ ಗಂಟುಗಳು ಊದಲು ಶುರುವಾಗಿ, ಬೆರಳುಗಳು ಒಂದೊಂದಾಗಿ ಒಳಕ್ಕೆ ಮಡಚಿಕೊಂಡು, ಮತ್ತೆ ಬಿಚ್ಚಲಿಲ್ಲ. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಹೇಗೋ ಊಟ ಮಾಡುತ್ತೇನೆ. ಕೈ ಹೋದ ಮೇಲೆಯೇ ನನಗೆ ಓದಿನ ಹುಚ್ಚು ಹತ್ತಿದ್ದು, ಅದಕ್ಕೆ ಮುಂಚೆ ಪುರುಸೊತ್ತಾದರೂ ಎಲ್ಲಿತ್ತು? ಸಿರಿ ಎಂದದ್ದು ನನ್ನ ಗಂಡನನ್ನು. ಇವರು ಬಸ್ ಕಂಡಕ್ಟರು. ಟಿಕೆಟ್ ಹರಿದೂ ಹರಿದೂ ಪಳಗಿದ ಕೈ, ಬೆರಳಿಗೆ ಹಾಕುವ ರಬ್ಬರ್ ಟೋಪಿ ಸದಾ ಜೇಬಿನಲ್ಲಿ. ಒಂದು ಹಾಳೆಯ ಜೊತೆ ಇನ್ನೊಂದು ಅಂಟಿಕೊಂಡು ಬಂತು ಅನ್ನುವ ಮಾತೇ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಒಂದಕ್ಷರ ಓದುವ ಆಸೆ ಇಲ್ಲದ ಮನುಷ್ಯ. ಬೇರೆಯವರಿಗೆ ಒಂದು ಕಾದಂಬರಿ ಒಂದೇ ಸಲವಾದರೆ ನನಗೆ ಬೇಕೆಂದಷ್ಟು ಸಲ.

ಡ್ಯೂಟಿ ಮುಗಿಸಿ ಬಂದು, ಮುಖ ತೊಳೆದು, ಕಾಫಿ ಕುಡಿದು ಪಕ್ಕದಲ್ಲಿ ಕೂರುತ್ತಿದ್ದರು. ಇಳಿಜಾರಾಗಿ ನಿಲ್ಲಿಸಿದ ಹಲಗೆಯ ಮೇಲೆ ಪುಸ್ತಕ, ಎರಡೂ ಕಡೆ ಬಟ್ಟೆ ಒಣಗಿಸುವ ಕ್ಲಿಪ್ಪು. ಹಾಳೆ ತಿರುವುವವರು ಪುಸ್ತಕದ ಕಡೆ ನೋಡಬಾರದು ಎನ್ನುವುದು ನಮ್ಮೂರ ಮರ್ಯಾದೆ. ಇವರು ಕಿಟಕಿಯ ಕಡೆ ನೋಡುತ್ತಿದ್ದರು, ನಾನು ಹ್ಞೂಂ ಎಂದರೆ ತಿರುವುತ್ತಿದ್ದರು. ನನ್ನ ಓದು ಶುರುವಾದ ಹೊಸತರಲ್ಲಿ ಒಮ್ಮೆ ಇಣುಕಿ, "ಯಾರೇ ಇವಳು, ಯಾಕೆ ಅಳ್ತಾವ್ಳೆ?" ಎಂದು ಕೇಳಿದ್ದರು. ಅಂದು ನಾನು ಹಾಕಿದ ಗದರಿಕೆಗೆ ಮತ್ತೆ ಇತ್ತ ಕಣ್ಣು ಹಾಯಿಸಲಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ, ಊರಿನಲ್ಲಿ ಯಾರಾದರೂ ಗದರುತ್ತಿದ್ದರು.

ಹೀಗಿರುವಾಗ ಜವರಯ್ಯ ಒಂದು ದಿನ ಮನೆಗೆ ಬಂದರು. ಊರಿಗೆ ಹೊಸದಾಗಿ ಇಂದುಮತಿ ಎನ್ನುವವರು ಬಂದಿದ್ದಾರೆ, ಪೋಸ್ಟಾಫೀಸಿನಲ್ಲಿದ್ದವರು, ಲಕ್ವ ಹೊಡೆದು ಬಲಗೈ ಹೋಗಿದೆ, ಎಡಗೈ ನಡುಗುತ್ತದೆ, ಅಣ್ಣನ ಮನೆಯ ಮಹಡಿಯಲ್ಲಿ ಇದ್ದಾರೆ, ಓದದೆ ಒದ್ದಾಡುತ್ತಿದ್ದಾರೆ. ಇಷ್ಟು ಪೀಠಿಕೆ ಹಾಕಿ, "ನಿನ್ ಗಂಡ ಮರಿಸ್ವಾಮಿ ಕೈ ಒಂಚೂರು ಕೊಡಿಸಮ್ಮ, ವಾರಕ್ಕೆ ಎಲ್ಡ್ ಮಧ್ಯಾಹ್ನ ಸಾಕು" ಎಂದರು. ಕೈಯಿಲ್ಲದವಳ ಕಷ್ಟ ನನಗಲ್ಲದೆ ಯಾರಿಗೆ ಗೊತ್ತು? ಕಳಿಸಿದೆ. ಕಳಿಸುವಾಗ ನನಗೆ ನಾನೇ ದೊಡ್ಡ ಮನುಷ್ಯಳಾಗಿ ಕಂಡಿದ್ದೂ ನಿಜ.

ಇವರು ಹೋಗುತ್ತಿದ್ದರು, ಬರುತ್ತಿದ್ದರು. ಬರುವಾಗ ಶಿಳ್ಳೆ ಹಾಕುತ್ತಿದ್ದರು, ಅದನ್ನು ನಾನು ಆಗ ಗಮನಕ್ಕೆ ತಂದುಕೊಳ್ಳಲಿಲ್ಲ. ಇಂದುಮತಿ ಓದಿ ಮುಗಿಸಿದ ಒಂದು ಕಾದಂಬರಿ ಲೈಬ್ರರಿಗೆ ವಾಪಸು ಹೋಗಿ, ಅಲ್ಲಿಂದ ನನ್ನ ಹಲಗೆಯ ಮೇಲೆ ಬಂದು ಕೂತಿತು. ಅರ್ಧ ಪುಸ್ತಕ ಸಲೀಸಾಗಿ ಸಾಗಿತು. ಆಮೇಲೆ ಒಂದು ಕಡೆ ಹ್ಞೂಂ ಎಂದೆ, ಹಾಳೆ ತಿರುಗಲಿಲ್ಲ. ಇನ್ನೊಂದು ಸಲ ಹ್ಞೂಂ ಎಂದೆ. ರಬ್ಬರ್ ಟೋಪಿ ಕಾಗದದ ಮೇಲೆ ಕಿರ್ರೆಂದು ಜಾರಿತು, ಹಾಳೆ ಮಿಸುಕಲಿಲ್ಲ.

"ಶೀತ ಹಿಡಿದಿರ್ಬೇಕು ಕಣೇ. ಮಳೆ ಬರ್ತಿದ್ಯಲ್ಲ" ಎಂದರು, ಕಿಟಕಿಯಿಂದ ಕಣ್ಣು ತೆಗೆಯದೆ.

"ಓದಿದ್ದೀರಿ."

"ಒಂದೆರಡು ಸಾಲು ಕಣ್ಣಿಗೆ ಬಿತ್ತಪ್ಪ."

"ಒಂದೆರಡು ಸಾಲಿಗೆಲ್ಲ ಹಾಳೆ ನಿಲ್ಲಲ್ಲ. ಮೇಲಿಂದ ಕೆಳಗಿನ್ ತನಕ ಓದಿದ್ರೇನೇ ನಿಲ್ಲೋದು. ನಂಗೇ ಹೇಳ್ಕೊಡಕ್ಕೆ ಬರ್ತೀರಾ?"

ಪಕ್ಕದ ಮನೆಯ ಚೆಲುವಮ್ಮನನ್ನು ಕೂಗಬೇಕಾಯಿತು. ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದು, ಸರಕ್ಕನೆ ತಿರುವಿ, ಇವರ ಮುಖವನ್ನೂ ನನ್ನ ಮುಖವನ್ನೂ ನೋಡಿದಳು. "ಏನ್ ಜಲಜಕ್ಕ, ಅಣ್ಣ ಓದಕ್ ಶುರು ಮಾಡ್ಕಂಡಂಗದೆ?" ಎಂದು ನಕ್ಕಳು. ನಮ್ಮೂರಿನಲ್ಲಿ ಗಂಡನ ಅಂಗಿಯ ಮೇಲೆ ಬೇರೆಯವರ ಕೂದಲು ಸಿಕ್ಕರೆ ಇಷ್ಟು ನಗುವುದಿಲ್ಲ.

ಇವರು ಮಲಗಿದ ಮೇಲೂ ನನ್ನ ಮೈ ಉರಿ ಇಳಿಯಲಿಲ್ಲ. ಮರುದಿನ ಚೆಲುವಮ್ಮನನ್ನು ಕಾಡಿಸಿ ಆ ಹಾಳೆಯನ್ನೇ ಮತ್ತೆ ತೆಗೆಸಿ ಕೂತೆ. ಹಿಂದಿನ ಸಂಜೆ ನನ್ನ ಕಣ್ಣಿಗೆ ಬೀಳದ ಪ್ರೇಮದ ಮಾತಿರಬೇಕು, ಬೆಳದಿಂಗಳಿರಬೇಕು, ಹೆಣ್ಣೊಬ್ಬಳ ಕಣ್ಣಿನ ವರ್ಣನೆಯಾದರೂ ಇರಬೇಕೆಂದು ಹುಡುಕಿದೆ. ಇದ್ದದ್ದು ಕೆರೆ ಏರಿಯ ಮೇಲೆ ಕೂತು ಬದನೆಕಾಯಿ ಸುಡುವ ಮುದುಕ. ಬದನೆಕಾಯಿ ಒಂದು ಕಡೆ ಸೀದುಹೋಗುತ್ತದೆ, ಮುದುಕ ಅದನ್ನೂ ಊರು ಬಿಟ್ಟುಹೋದ ಮಗನನ್ನೂ ಬೈದುಕೊಳ್ಳುತ್ತಾನೆ, ಅಷ್ಟೇ. ಪ್ರೇಮದ ಹಾಳೆಯಾಗಿದ್ದರೆ ಗಂಡಸಿನ ಬುದ್ಧಿ ಎಂದು ಉಗಿದು ಸುಮ್ಮನಾಗುತ್ತಿದ್ದೆ. ಇಷ್ಟು ವರ್ಷ ನನ್ನ ಪಕ್ಕ ಕೂತು ಕಿಟಕಿಯಾಚೆಯ ಕರೆಂಟ್ ಕಂಬ ನೋಡಿದ ಮನುಷ್ಯನಿಗೆ ಅವಳ ಪಕ್ಕದಲ್ಲಿ ಸೀದ ಬದನೆಕಾಯಿಯೂ ರುಚಿಸಿತಲ್ಲ! ಅದು ನನ್ನ ಹೊಟ್ಟೆಗೆ ಬೆಂಕಿ ಹಾಕಿತು.

ಸಂಜೆ ಜಾಡಿಸಿ ಕೇಳಿದೆ. ಇವರು ಮುಚ್ಚಿಡುವವರಲ್ಲ, ಮುಚ್ಚಿಡಲು ಬರುವುದೂ ಇಲ್ಲ.

"ಅವ್ರು ಹೊಸಬ್ರು ಕಣೇ. ಇಲ್ಲಿ ಮರ್ಯಾದೆ ಎಲ್ಲ ಗೊತ್ತಿಲ್ಲ. ಓದ್ತಾ ಓದ್ತಾ ಜೋರಾಗಿ ನಕ್ಬಿಡ್ತಾರೆ. ಇಲ್ನೋಡಿ ಮರಿಸ್ವಾಮಿ, ಈ ಮುದುಕ ಏನ್ ಮಾಡ್ದ ನೋಡಿ ಅಂತಾರೆ. ಕೂತ್ಕೊಂಡಿದೀನಿ, ನೋಡ್ದೆ."

"ಅವಳು ನೋಡಿ ಅಂದ್ಲು, ನೀವು ನೋಡಿದ್ರಿ."

"ನೀನ್ಯಾವತ್ತು ನೋಡಿ ಅಂದಿದೀಯಾ? ಹ್ಞೂಂ ಅಂತೀಯ, ಅಷ್ಟೇಯ."

"ನೀವು ಓದ್ಬಿಟ್ರೆ ನಂಗೆ ಕೈ ಯಾರು ಕೊಡ್ತಾರೆ?"

ಇವರು ತಲೆ ಕೆರೆದುಕೊಂಡು, "ಆ ಮುದುಕನ ಮಗ ವಾಪಸ್ ಬರ್ತಾನಾ ಜಲಜ? ಅವ್ರಿಗೆ ಸುಸ್ತಾಗಿ ಅವತ್ತು ಅಲ್ಲಿಗೇ ನಿಲ್ಸಿದ್ರು, ಆಮೇಲೆ ನಾನಿಲ್ದಾಗ ಅವ್ರ್ ಅತ್ತಿಗೆ ತಿರುವಿ ಮುಗಿಸ್ಬಿಟ್ರಂತೆ" ಎಂದರು. ಆ ದನಿ ಕೇಳಿ ನನಗೆ ಭಯವಾಯಿತು. ಕುಡಿತ ಹತ್ತಿದವರು ಮೊದಮೊದಲು ಹೀಗೇ ಸಾಧುವಾಗಿ ಕೇಳುತ್ತಾರೆ.

ಹೋಗಬೇಡಿ ಎಂದು ನಾನು ಅನ್ನಲಿಲ್ಲ. ಹಾಗಂದರೆ ಊರೆಲ್ಲ ನನಗೇ ಬೈಯುತ್ತಿತ್ತು, ಕೈಯಿಲ್ಲದವಳು ಕೈಯಿಲ್ಲದವಳ ಹೊಟ್ಟೆಗೆ ಹೊಡೆದಳು ಎಂದು. ನನಗೆ ಇನ್ನೊಂದು ದಾರಿ ಹೊಳೆಯಿತು. ಇಂದುಮತಿಗೆ ಹೋಗುವ ಪುಸ್ತಕಗಳೆಲ್ಲ ಮೊದಲು ನಮ್ಮ ಮನೆಗೆ ಬರಬೇಕೆಂದು ಜವರಯ್ಯನಿಗೆ ಹೇಳಿಕಳಿಸಿದೆ. ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಓದಿ" ಎಂದೆ.

"ನಿಜವಾಗ್ಲೂ?"

"ನಿಜವಾಗ್ಲೂ. ಮೇಲಿಂದ ಕೆಳಗಿನ್ ತನಕ ಓದಿ. ಒಂದ್ ಸಾಲೂ ಬಿಡ್ಕೂಡ್ದು."

ಹೆಂಡತಿಯ ಮನಸ್ಸು ಕರಗಿತೆಂದು ಇವರಿಗೆ ಸಂತೋಷವೋ ಸಂತೋಷ. ನನ್ನ ಲೆಕ್ಕಾಚಾರ ಬೇರೆ. ನನ್ನ ಜೊತೆ ಓದಿ ತಿರುವಿದ ಹಾಳೆ ಅವಳ ಮನೆಯಲ್ಲಿ ಇವರ ಕೈಗೆ ತಿರುಗದು. ಅವಳ ಪಕ್ಕದಲ್ಲಿ ಕೂತರೂ ಬರೀ ಕೂತಿರಬೇಕು. ಇದರಿಂದ ಆ ಪುಸ್ತಕಗಳ ಎರಡನೆಯ ಓದು ನನಗೂ ತಪ್ಪುತ್ತದೆಂದು ಗೊತ್ತಿತ್ತು. ತಪ್ಪಲಿ ಎಂದುಕೊಂಡೆ. ಹೊಟ್ಟೆಕಿಚ್ಚು ಬಂದಾಗ ಮನುಷ್ಯ ತನ್ನ ಹೊದಿಕೆಯನ್ನೇ ಹರಿದುಕೊಳ್ಳುತ್ತಾನೆ, ನಾನೂ ಹರಿದುಕೊಂಡೆ.

ಇವರು ಓದುವುದು ಆಮೆಯ ಹಾಗೆ. ತುಟಿ ಅಲ್ಲಾಡಿಸಿಕೊಂಡು, ಬೆರಳಿಟ್ಟುಕೊಂಡು ಓದುತ್ತಾರೆ. ನಾನು ಹಾಳೆಯ ಕೊನೆ ಮುಟ್ಟಿ ಕಾಯುತ್ತಾ ಕೂತಿದ್ದರೆ ಇವರಿನ್ನೂ ಮೂರನೆಯ ಸಾಲಿನಲ್ಲಿ, "ಈ ಸಾಹುಕಾರನ್ನ ನಂಬಬಾರ್ದು ಕಣೇ" ಎಂದು ನನಗೆ ಬುದ್ಧಿ ಹೇಳುತ್ತಿದ್ದರು. ನಂಬಬಾರದೆಂದು ನನಗೆ ಅವನು ಬಂದಾಗಲೇ ಗೊತ್ತಾಗಿತ್ತು. ಒಂದೊಂದು ಸಲ ಇವರ ಮಾತಿಗೆ ನಗು ಬಂದುಬಿಡುತ್ತಿತ್ತು, ಬಂದರೆ ಕೆಮ್ಮಿನಂತೆ ಮಾಡಿ ಮುಚ್ಚಿಕೊಳ್ಳುತ್ತಿದ್ದೆ. ಶತ್ರುವಿನ ಮೇಲೆ ಯುದ್ಧಕ್ಕೆ ಹೊರಟವಳು ದಾರಿಯಲ್ಲಿ ನಗುತ್ತಾ ಕೂರಬಾರದಲ್ಲ.

ಗೆದ್ದೆ. ಒಂದು ಮಧ್ಯಾಹ್ನ ಇವರು ಬೇಗ ವಾಪಸು ಬಂದರು, ಶಿಳ್ಳೆ ಇಲ್ಲ. "ಒಂದೂ ತಿರುಗ್ಲಿಲ್ಲ ಕಣೇ. ಮೂರ್ ಪುಸ್ತಕ ಇಟ್ಟಿದ್ರು. ಯಾವ್ದೂ ತಿರುಗ್ಲಿಲ್ಲ. ಅವ್ರು ಏನೂ ಅನ್ಲಿಲ್ಲ, ಪರವಾಗಿಲ್ಲ ಬಿಡಿ ಅಂದ್ರು" ಎಂದು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕೂತರು. ಅಂದು ಚೆಲುವಮ್ಮನ ಕೈಯಿಂದ ಗಸಗಸೆ ಪಾಯಸ ಮಾಡಿಸಿದೆ. ಇವರು ಎರಡು ಗುಟುಕು ಕುಡಿದು ಲೋಟ ಇಟ್ಟರು.

ಗೆಲುವು ಹೆಚ್ಚು ದಿನ ಬಾಳಲಿಲ್ಲ. ಓದಿನ ರುಚಿ ಹತ್ತಿದ ಮನುಷ್ಯ ನಾನು ಕೊಟ್ಟಷ್ಟಕ್ಕೇ ನಿಲ್ಲುತ್ತಾನೆಯೇ? ಇವರು ಡಿಪೋದಲ್ಲಿ ಓದತೊಡಗಿದರು, ಬಸ್ಸು ನಿಂತಲ್ಲಿ ಓದತೊಡಗಿದರು, ಟಿಕೆಟ್ ಕೊಡುವುದು ಮರೆತು ಬೈಸಿಕೊಂಡರು. ನಾನು ಇನ್ನೂ ಮುಟ್ಟದ ಪುಸ್ತಕಗಳೂ ಒಂದೊಂದಾಗಿ ಇವರ ಕೈಗೆ ಮುಚ್ಚಿಹೋದವು. ನನ್ನ ಹಲಗೆಯ ಮೇಲೆ ತೆರೆದಿಟ್ಟ ಪುಸ್ತಕ ದಿನವಿಡೀ ಅದೇ ಎರಡು ಪುಟ ತೋರಿಸುತ್ತಾ ನಿಂತಿರುತ್ತಿತ್ತು. ಚೆಲುವಮ್ಮ ಬರುತ್ತಿದ್ದಳು, "ಒಲೆ ಮೇಲೆ ಹಾಲಿಟ್ ಬಂದಿವ್ನಿ" ಎಂದು ಒಂದು ಹಾಳೆ ತಿರುವಿ ಓಡುತ್ತಿದ್ದಳು. ಒಂದು ಹಾಳೆಗೆ ಒಂದು ದಿನ. ಆ ಮಹಡಿಯ ಮೇಲೆ ಇಂದುಮತಿಯೂ ಹೀಗೇ ಕೂತಿರಬೇಕು ಎಂದು ಒಮ್ಮೆ ಅನಿಸಿತು. ಅನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ಹಟ ಹಿಡಿದೆ. ಮೊದಲು ಬೇವಿನಕಡ್ಡಿಯ ತುದಿಗೆ ರಬ್ಬರ್ ಚೂರು ಸಿಕ್ಕಿಸಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ತಿರುವಿ ನೋಡಿದೆ. ಹಾಳೆ ಎದ್ದಿತು, ಎದ್ದದ್ದರ ಮೇಲೆ ಜೊಲ್ಲು ಸುರಿಯಿತು, ಕುತ್ತಿಗೆ ಹಿಡಿದುಕೊಂಡಿತು. ಕಾಲಿನಿಂದ ತಿರುವಬಹುದೆಂದು ಚೆಲುವಮ್ಮ ಹೇಳಿದಳು. ಪುಸ್ತಕಕ್ಕೆ ಕಾಲು ತಾಗಿಸುವುದಕ್ಕಿಂತ ಓದದೆ ಸಾಯುವುದು ಮೇಲೆಂದೆ. ಹಾಳೆಗಳ ನಡುನಡುವೆ ಸಣ್ಣ ಹತ್ತಿಯ ಉಂಡೆ ಇಡಿಸಿದೆ, ಆಗ ಅವು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ನಿಂತವು, ಆದರೆ ಮೊಣಕೈಯಿಂದ ತಳ್ಳಿದರೆ ನಾಲ್ಕೈದು ಒಟ್ಟಿಗೇ ಹೋದವು. ಕೊನೆಗೆ ಇವರು ಮೇಜಿನ ಮೇಲೆ ಮರೆತು ಹೋಗಿದ್ದ ರಬ್ಬರ್ ಟೋಪಿ ಕಣ್ಣಿಗೆ ಬಿತ್ತು. ನನ್ನ ತೋರುಬೆರಳು ಮಡಚಿಕೊಂಡು ಅದರ ಗಂಟು ಹೊರಗೆ ಚಾಚಿದೆ. ಟೋಪಿಯನ್ನು ಹಲ್ಲಿನಿಂದ ಎಳೆದು ಆ ಗಂಟಿಗೆ ಕೂರಿಸಿದೆ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಹತ್ತಿ ಇಟ್ಟ ಹಾಳೆಯ ಕೆಳಮೂಲೆಗೆ ಗಂಟು ಒತ್ತಿ, ಇಡೀ ತೋಳನ್ನೇ ಎಡಕ್ಕೆ ಸರಿಸಿದೆ. ಹಾಳೆ ತಿರುಗಿತು.

ಎರಡು ದಿನ ಮನೆಯಲ್ಲಿ ಹಬ್ಬ. ಮೂರನೆಯ ದಿನ ಜವರಯ್ಯ ತಪ್ಪಿ ನಾನು ಹಿಂದೆಯೇ ಓದಿದ್ದ ಪುಸ್ತಕವೊಂದನ್ನು ಕಳಿಸಿದ್ದರು. ಓದುವ ಮನಸ್ಸಿರಲಿಲ್ಲ, ಸುಮ್ಮನೆ ಕೈ ಪಳಗಲಿ ಎಂದು ಗಂಟು ಒತ್ತಿದೆ. ತಿರುಗಿತು. ಇನ್ನೊಂದು ಒತ್ತಿದೆ, ಅದೂ ತಿರುಗಿತು.

"ರೀ!" ಎಂದು ಕಿರುಚಿದ ರಭಸಕ್ಕೆ ಇವರು ಬಚ್ಚಲಿನಿಂದ ಮುಖದ ಸೋಪು ಸಮೇತ ಓಡಿಬಂದರು.

ನೋಡಿ, ಎಷ್ಟು ಸುಲಭದ ವಿಷಯ, ಒಬ್ಬರ ತಲೆಗೂ ಹೋಗಿರಲಿಲ್ಲ. ಲೈಬ್ರರಿಯ ಅರ್ಧದಷ್ಟು ನಾನು ಓದಿದ್ದೆ, ಆದರೆ ಈ ಎರಡು ದಿನ ಬಿಟ್ಟರೆ ಒಂದು ಹಾಳೆಯನ್ನೂ ನನ್ನ ಕೈಯಾರೆ ತಿರುವಿರಲಿಲ್ಲ. ಹಾಳೆಗಳ ಲೆಕ್ಕದಲ್ಲಿ ನನ್ನದು ಇನ್ನೂ ಓದದ ಕೈ. ಮಡಚಿಹೋದ ಈ ಕೈಯನ್ನು ಹಾಳೆ ತಿರುವಲು ಯಾರು ಕರೆದಾರು, ಕರೆಯದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಇನ್ನು ತಿರುವುವಾಗ ಓದಿದೆನಾದರೆ ಮಾತ್ರ ನನಗೂ ಬಾಗಿಲು ಮುಚ್ಚುತ್ತದೆ. ಹಾಗಾಗಿ ಇಷ್ಟದ ಪುಸ್ತಕಗಳನ್ನು ತೆರೆದು, ಓದದೆ, ಹಾಳೆಗಳ ಸದ್ದನ್ನಷ್ಟೇ ಕೇಳುತ್ತಾ ಜಿಪುಣಿಯ ಹಾಗೆ ಕೂರುತ್ತಿದ್ದೆ.

ಸುದ್ದಿ ಊರೆಲ್ಲ ಹಬ್ಬಿತು. ವಕೀಲರು ಬಂದು ಅತ್ತೆಗೆ ಹುಷಾರಿಲ್ಲವೆಂದು ಕೈಮುಗಿದರು. ನಾನೂ ಬೇಕೆಂದೇ ಸ್ವಲ್ಪ ಸತಾಯಿಸಿದೆ. ಆಮೇಲೊಂದು ಸಂಜೆ ಇವರು ಉಗುರು ನೋಡಿಕೊಳ್ಳುತ್ತಾ, "ಇಂದುಮತಿಯವ್ರು ಹೇಳ್ಕಳ್ಸಿದಾರೆ. ನಿಮ್ ಹೆಂಡ್ತಿ ಒಂದ್ಸಲ ಬರ್ತಾರಾ ಕೇಳಿ ಅಂತ" ಎಂದರು.

ಹೋಗದಿರಲು ನನ್ನಿಂದ ಆದೀತೇ? ಆ ಮುಖ ನೋಡಬೇಕಿತ್ತು. ಮದುವೆಯ ರೇಷ್ಮೆ ಸೀರೆ ತೆಗೆಸಿ ಚೆಲುವಮ್ಮನಿಂದ ಉಡಿಸಿಕೊಂಡು ಹೋದೆ. ಮಹಡಿಯ ಮೇಲೆ ಯಾರೋ ಸುಂದರಿ ಕೂತಿರುತ್ತಾಳೆಂದುಕೊಂಡಿದ್ದರೆ, ಇದ್ದದ್ದು ಅತ್ತಿಗೆ ಅವಸರದಲ್ಲಿ ಬಾಚಿದ ಸೊಟ್ಟ ಬೈತಲೆಯ, ಒಣಕಲು ಹೆಂಗಸು. ಬಲಗೈಯನ್ನು ಯಾರದೋ ಸಾಮಾನಿನಂತೆ ಮಡಿಲಿನಲ್ಲಿಟ್ಟುಕೊಂಡಿದ್ದರು. ಕಾಫಿಗೆ ಕೊಳವೆ ಹಾಕಿಟ್ಟಿತ್ತು. ನನ್ನ ರೇಷ್ಮೆ ಸೀರೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿ ನಕ್ಕರು, ಒಂದೇ ಕಡೆ ಎದ್ದ ನಗು.

"ನಿಮ್ಮೆಜಮಾನ್ರನ್ನ ಓದ್ಸಿ ಓದ್ಸಿ ಖಾಲಿ ಮಾಡಿದ್ದು ನೀವೇ ಅಂತ ಗೊತ್ತಾಯ್ತು" ಎಂದರು.

ನಾನು ರೇಷ್ಮೆಯ ಸೆರಗನ್ನು ಮೊಣಕೈಯಿಂದ ಎಳೆದುಕೊಂಡೆ.

"ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ. ಅವ್ರು ಇಲ್ಲಿ ಕೂತ್ರೂ ನಮ್ಮ ಜಲಜ ಹಿಂಗೆ, ನಮ್ಮ ಜಲಜ ಹಂಗೆ. ಕೇಳಿ ಕೇಳಿ ನಂಗೂ ಹೊಟ್ಟೆ ಉರೀತಿತ್ತು. ನಂಗ್ಯಾರಿದಾರೆ ಹಾಗನ್ನೋಕೆ? ಇರ್ಲಿ. ಈಗ ನೀವು ತಿರುವಿಕೊಡ್ತೀರಾ? ನಿಮಗೆ ತುಂಬಾ ಇಷ್ಟವಾಗಿರೋ ಪುಸ್ತಕ ಯಾವ್ದೋ ಅದನ್ನೇ ಓದ್ಬೇಕು ನಾನು."

ಸುಳ್ಳು ಹೇಳಬಹುದಿತ್ತು. ಯಾವುದಾದರೂ ಹಾಳುಮೂಳು ಹೆಸರು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಇಷ್ಟದ ಪುಸ್ತಕ ಯಾವುದೆಂದು ಇಷ್ಟು ವರ್ಷದಲ್ಲಿ ನನ್ನನ್ನು ಒಬ್ಬರೂ ಕೇಳಿರಲಿಲ್ಲ. ಉಪ್ಪಿನ ವ್ಯಾಪಾರಿಯ ಸೊಸೆ ನೀಲವ್ವನ ಕಥೆ, ದಪ್ಪ ಕಾದಂಬರಿ, ಎಂದು ಬಾಯಿ ತಪ್ಪಿ ನಿಜವನ್ನೇ ಹೇಳಿಬಿಟ್ಟೆ. ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ನಾಲಗೆಯನ್ನು ನಾನೇ ಶಪಿಸಿಕೊಂಡೆ.

ಮಾತು ಕೊಟ್ಟಾಗಿತ್ತು. ವಾರಕ್ಕೆ ಎರಡು ಮಧ್ಯಾಹ್ನ ಹೋಗತೊಡಗಿದೆ. ಇವರು ಬಾಗಿಲವರೆಗೆ ಬಂದು, "ನಾನೂ ಬರ್ಲಾ? ಮೂಲೇಲಿ ಕೂತಿರ್ತೀನಿ" ಎನ್ನುತ್ತಿದ್ದರು. "ನಿಮ್ಗೇನ್ ಕೆಲ್ಸ ಅಲ್ಲಿ?" ಎಂದು ಹೊರಡುತ್ತಿದ್ದೆ. ಅಲ್ಲಿ ಕಿಟಕಿಯಾಚೆ ನೋಡಲು ಕರೆಂಟ್ ಕಂಬವೂ ಇಲ್ಲ, ಎದುರು ಮನೆಯ ಗೋಡೆ. ಪುಸ್ತಕ ನೋಡುವಂತಿಲ್ಲ, ನೋಡಿ ಓದಿದರೆ ನೀಲವ್ವ ನನ್ನ ಕೈಗೆ ಮತ್ತೆಂದೂ ಸಿಗುವುದಿಲ್ಲ. ಹಾಗಾಗಿ ಇಂದುಮತಿಯವರ ಮುಖ ನೋಡುತ್ತಾ ಕೂತೆ. ನೋಡುತ್ತಾ ನೋಡುತ್ತಾ, ಕಥೆ ಎಲ್ಲಿಗೆ ಬಂತೆಂದು ಆ ಮುಖದ ಮೇಲೆಯೇ ಗೊತ್ತಾಗತೊಡಗಿತು. ಮಾವ ಉಪ್ಪಿನ ಮೂಟೆ ಎಣಿಸುವಲ್ಲಿ ಹುಬ್ಬು ಗಂಟಿಕ್ಕಿತು. ಅಡುಗೆಯವಳು ಜಾರಿ ಬೀಳುವಲ್ಲಿ ನಗು ಉಕ್ಕಿತು. ಮೈದುನ ನೀಲವ್ವನ ಪೆಟ್ಟಿಗೆ ಹೊರಗೆಸೆದಾಗ, ನಾನು ಮೊದಲ ಸಲ ಓದಿದಾಗ ಅತ್ತ ಹಾಗೆಯೇ ಅವರೂ ಅತ್ತರು, ಆದರೆ ಒಂದೇ ಕಣ್ಣಿನಿಂದ ನೀರು ಇಳಿಯಿತು. ಇನ್ನೊಂದು ಕಣ್ಣು ಅವರಿಗೆ ಅಳುವುದಿಲ್ಲ.

ನಿನ್ನೆ ಮಧ್ಯಾಹ್ನ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗಕ್ಕೆ ಬಂದೆವು. ನದಿ ಏರಿದೆ, ದೋಣಿ ನಡುನೀರಿನಲ್ಲಿದೆ, ದಡದಲ್ಲಿ ಲಾಂದ್ರ ಹಿಡಿದು ಯಾರೋ ನಿಂತಿದ್ದಾರೆ. ಹಾಳೆ ಅಲ್ಲಿಗೆ ಮುಗಿಯುತ್ತದೆ. ಇಂದುಮತಿಯವರು ಉಸಿರು ಬಿಗಿಹಿಡಿದು ನನ್ನ ಕಡೆ ತಿರುಗಿದರು.

"ಯಾರ್ರೀ ಅದು, ದಡದಲ್ಲಿ? ನಿಮಗೆ ಗೊತ್ತು. ಅಯ್ಯೋ, ಹೇಳ್ಬೇಡಿ, ಹೇಳ್ಬೇಡಿ!"

ನನಗೆ ಗೊತ್ತು. ಎಷ್ಟೋ ಸಲ ಓದಿ ಗೊತ್ತು, ಕಣ್ಣು ಮುಚ್ಚಿದರೂ ಗೊತ್ತು. ಅವರಿಗೆ ಗೊತ್ತಿಲ್ಲ. ಇಲ್ಲಿಂದ ಒಂದು ಹಾಳೆಯಾಚೆ ಏನಿದೆಯೆಂದು ತಿಳಿಯದೆ ಆ ಹೆಂಗಸು ಕುರ್ಚಿಯ ತುದಿಗೆ ಜರುಗಿ ಕೂತಿದ್ದಾರೆ, ಮುಖವೆಲ್ಲ ಕೆಂಪಾಗಿದೆ. ನನ್ನ ಹೊಟ್ಟೆಯಲ್ಲಿ ಎದ್ದ ಉರಿಯನ್ನು ಏನೆಂದು ಹೇಳಲಿ? ಗಂಡ ಈಕೆಯ ಪಕ್ಕ ಕೂತು ಬದನೆಕಾಯಿಯ ಹಾಳೆ ಓದಿದ್ದಕ್ಕೆ ಪಟ್ಟ ಕಿಚ್ಚು ಇದರ ಮುಂದೆ ಏನೂ ಅಲ್ಲ. ಊರಿನ ಎಲ್ಲ ಹಾಳೆಯೂ ನನ್ನ ಕೈಗೆ ತಿರುಗುತ್ತದೆ, ಎಲ್ಲರೂ ನನ್ನ ಮನೆ ಬಾಗಿಲಿಗೆ ಬರುತ್ತಾರೆ. ಆದರೆ ದಡದಲ್ಲಿ ನಿಂತವರು ಯಾರೆಂದು ಗೊತ್ತಿಲ್ಲದೆ ಕೂರುವುದು ನನಗಿನ್ನು ಈ ಜನ್ಮದಲ್ಲಿಲ್ಲ.

"ತಿರುವಿ ಜಲಜ, ಯಾಕ್ ಹಾಗೆ ನೋಡ್ತೀರಾ?" ಎಂದರು.

"ಒಂದ್ನಿಮಿಷ ತಾಳಿ" ಎಂದೆ.

"ಆಗಲ್ಲ ಕಣ್ರೀ, ದಮ್ಮಯ್ಯ, ತಿರುವಿ!"

ರಬ್ಬರ್ ಟೋಪಿಯ ಗಂಟನ್ನು ಹಾಳೆಯ ಮೂಲೆಗೆ ಒತ್ತಿದೆ. ಅವರ ಮುಖದಿಂದ ಕಣ್ಣು ಕೀಳದೆ, ಎಷ್ಟು ನಿಧಾನವಾಗಿ ಆಗುತ್ತದೋ ಅಷ್ಟು ನಿಧಾನವಾಗಿ ತಿರುವಿದೆ.